ಹೂವಿಲ್ಲದ ಕಾಲದ ಗೆಡ್ಡೆ

"ಮತ್ತೆ ಹಳದಿ!" ಎಂದು ಸಂಶೋಧಕಿ ಕೈಗವಸು ಕಿತ್ತೆಸೆದರು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲೆಲ್ಲ ಅರಿಶಿನ ಕದಡಿದಂಥ ದ್ರಾವಣ. ಮರೆವಿನ ಕಾಯಿಲೆಯಲ್ಲಿ, ಮಿದುಳಿನ ಸಂದೇಶ ಹೊರುವ ರಾಸಾಯನಿಕ ಮೊದಲೇ ಕಡಿಮೆ. ಅದನ್ನೂ ಒಡೆದುಹಾಕುವ ಕಿಣ್ವವೊಂದಿದೆ; ಅದು ಕೆಲಸ ಮಾಡಿದರೆ ತಟ್ಟೆಯ ದ್ರಾವಣ ಹಳದಿಯಾಗುತ್ತದೆ. ಕಾಡುಗೆಡ್ಡೆಯ ಸಾರ ಆ ಕಿಣ್ವವನ್ನು ತಡೆದರೆ ದ್ರಾವಣ ತಿಳಿಯಾಗಿಯೇ ಉಳಿಯಬೇಕು. ಮೂರು ವರ್ಷದ ಹಿಂದೆ, ಮೊದಲ ಸಲ, ಉಳಿದಿತ್ತು. ಆಮೇಲೆ ಒಮ್ಮೆಯೂ ಇಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು "ಗೆಡ್ಡೆ ಮೇಡಂ" ಎನ್ನುತ್ತಿದ್ದರು. ತಿಂಗಳ ಕೊನೆಗೆ ಈ ಕೆಲಸ ನಿಲ್ಲಿಸಿ ಎಂದು ನಿರ್ದೇಶಕರೂ ಹೇಳಿಯಾಗಿತ್ತು.

ಗೆಡ್ಡೆಯ ಚೀಲ ಹೊತ್ತು ತಂದಿದ್ದ ಜೀಪಿನ ಡ್ರೈವರ್ ಬಾಗಿಲಲ್ಲೇ ನಿಂತ. ಅವನ ಅಣ್ಣ ಮನೆಯ ದಾರಿ ಮರೆಯತೊಡಗಿ ವರ್ಷವಾಗಿತ್ತು.

"ಈ ಸಲಾನೂ ಇಲ್ವಾ ಮೇಡಂ?"

"ಇಲ್ಲಪ್ಪ. ಅದೇ ಗುಡ್ಡ, ಅದೇ ಗಿಡ. ಎಲ್ಲಿ ಎಡವಿದ್ವೋ!"

ಅವನು ತಲೆ ಕೆರೆದುಕೊಂಡ. "ಮೊದಲ ಸಲ ಹೋದಾಗ ಹೂವೆಲ್ಲಿತ್ತು? ಎಲೆನೂ ಒಣಗಿತ್ತು. ಯಾವ ಕಡ್ಡಿ ಯಾವ ಗಿಡದ್ದು ಅಂತ ನೀವು ಮೊಣಕಾಲೂರಿ ಹುಡುಕಿದ್ರಲ್ಲ. ಈಗ ಹೂ ನೋಡ್ಕೊಂಡು ಆರಾಮಾಗಿ ಅಗೀತೀವಿ."

ಸಂಶೋಧಕಿ ಹಳೆಯ ದಾಖಲೆ ಪುಸ್ತಕ ತೆರೆದು ಮೊದಲ ಸಲದ ತಾರೀಕು ನೋಡಿದರು. ಗುರುತಿಸಲು ಸುಲಭವೆಂದು ಹೂವಿನ ಕಾಲಕ್ಕೆ ಬದಲಾಯಿಸಿದ್ದು ಅವರೇ. ತನ್ನಲ್ಲಿದ್ದುದನ್ನೆಲ್ಲ ಗೆಡ್ಡೆ ಹೂವಿಗೇ ಕಳಿಸಿಬಿಟ್ಟಿದ್ದರೆ?

ನಿರ್ದೇಶಕರ ಬೆನ್ನು ಬಿಡದೆ ಅವರು ಇನ್ನೆರಡು ತಿಂಗಳು ಗಿಟ್ಟಿಸಿಕೊಂಡರು. ಎಲೆ ಒಣಗಿದ ಮೇಲೆ ಇಬ್ಬರೂ ಗುಡ್ಡ ಹತ್ತಿ ದಿನವಿಡೀ ಅಗೆದರು. ಸಾರ ತೆಗೆದು ಪರೀಕ್ಷೆಗಿಟ್ಟ ದಿನ ಡ್ರೈವರ್ ತಟ್ಟೆಯ ಮೇಲೆ ಬಗ್ಗಿ ನಿಂತೇ ಇದ್ದ. ಹತ್ತು ನಿಮಿಷವಾಯಿತು.

"ಏನೂ ಆಗ್ಲೇ ಇಲ್ವಲ್ಲ ಮೇಡಂ," ಎಂದ, ಮುಖ ಸಣ್ಣದು ಮಾಡಿಕೊಂಡು.

"ಅದೇ ಕಣಯ್ಯಾ! ಏನೂ ಆಗ್ಲಿಲ್ಲ!" ಅವರ ಕೂಗಿಗೆ ಪಕ್ಕದ ಕೋಣೆಯವರೆಲ್ಲ ಓಡಿಬಂದರು. ನಿರ್ದೇಶಕರು ನಂಬದೆ ಇನ್ನೆರಡು ಸಲ ಮಾಡಿಸಿದರು. ಎರಡು ಸಲವೂ ಸಾರ ಬೆರೆಸಿದ ಸಾಲು ನೀರಿನಷ್ಟು ತಿಳಿಯಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಕೈ ಚಾಚಿದರು. ಸಂಶೋಧಕಿ ಮೊದಲು ಡ್ರೈವರನನ್ನು ಮುಂದೆ ದೂಡಿದರು.

ಜನ ಚದುರಿದ ಮೇಲೆ ಅವನು ಮೆಲ್ಲಗೆ ಕೇಳಿದ: "ನಮ್ಮಣ್ಣನಿಗೆ ಕೊಡ್ಬಹುದಾ?"

"ಈಗಲೇ ಇಲ್ಲ. ಔಷಧಿ ಆಗೋಕೆ ಇನ್ನೂ ವರ್ಷಗಳು ಬೇಕು. ನಿನಗೆ ಸುಳ್ಳು ಹೇಳಲ್ಲ."

ಅವನು ಖಾಲಿ ಚೀಲ ಕೊಡವಿ ಮಡಚಿಕೊಂಡ. "ಹಾಗಾದ್ರೆ ಇನ್ನೊಂದು ಚೀಲ ನಾಳೆನೇ ತರೋಣ," ಎಂದ.

ಸಂಶೋಧಕಿ ಮಾದರಿ ಗಿಡಕ್ಕೆ ಕಟ್ಟುವ ಚೀಟಿ ಎತ್ತಿಕೊಂಡು, 'ಸಂಗ್ರಹಿಸಿದವರು' ಎಂಬಲ್ಲಿ ಅವನ ಪೂರ್ತಿ ಹೆಸರು ಕೇಳಿ ದುಂಡಗೆ ಬರೆದರು. ಅವನು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಶಾಯಿ ಒಣಗಲೆಂದು ಊದುತ್ತ ನಿಂತ.