ಘಾಟೇಳದ ಮೆಣಸಿನಕಾಯಿ

ಮೈಕಿನೊಳಗೆ ಯಾರೋ ಕೆಮ್ಮಿದರು, ಇಲ್ಲ, ಮೈಕಿನದೇ ಕರಕರ, ಆದರೂ ಮಹಾಮಾಯಾಳ ಬೆನ್ನು ಸೆಟೆದುಕೊಂಡಿತು — ಬೀದರಿನ ಈ ಸಭಾಂಗಣದ ಮೊದಲ ಸಾಲಿನಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ, ಅದು ಅವ್ವನದು, ಕೇಶರಬಾಯಿಯದು, ನೀ ಹೋಗವಾ, ನನ್ನ ಮಣಕಾಲ ಹಿಡದಾವ ಎಂದು ಔರಾದಿನಲ್ಲೇ ಉಳಿದಳು, ಮೊಣಕಾಲಿಗೇನೂ ಆಗಿಲ್ಲ, ವೇದಿಕೆಯ ಮೇಲೆ ಗೆಳತಿ ವೃಂದಾ ತಾನು ಬರೆದ ಕಾದಂಬರಿಯನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ, ಮುಖಪುಟದಲ್ಲಿ ಕೋಟೆಯ ಮೇಲೆ ಹಾರುವ ಮಾಟಗಾತಿ, ಮೂಗು ಅವ್ವನದೇ ಮೂಗು, ಯಾಕಾಗಬಾರದು, ಚಳಿಗಾಲವಿಡೀ ವೃಂದಾ ಅವ್ವನ ಒಲೆಯ ಮುಂದೆ ಕೂತಿದ್ದಳಲ್ಲ, ಬಿಸಿ ರೊಟ್ಟಿ ಮುರಿಯುತ್ತ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಹೇಳ್ರಿ ಅವ್ವ, ಯಾವಾಗಿಂದ ನಿಮಗ ಹಂಗ ಅನ್ಲತ್ರು — ಅವ್ವ ಮೊದಲು ನಕ್ಕಳು, ಆಮೇಲೆ ಮಗಳಿಗೂ ಹೇಳದ್ದನ್ನು ಅವಳಿಗೆ ಹೇಳಿದಳು, ಪಕ್ಕದ ಮನೆಯ ಗಂಗುಬಾಯಿಯ ಕೂಸು ಸತ್ತಾಗ ಓಣಿಯೆಲ್ಲ ತನ್ನನ್ನು ಮಾಟಗಾತಿ ಎಂದದ್ದು, ತಾನು ಹೋಗಿಬಂದ ಮನೆಗಳಲ್ಲಿ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದದ್ದು, ಘಾಟೆದ್ದರೆ ಏನೂ ಇಲ್ಲ, ಘಾಟೇಳದಿದ್ದರೆ ಕೆಟ್ಟ ಕಣ್ಣಿನ ನದರು ತಾಕಿದೆ, ಅದಕ್ಕ ನಾ ಹೊರಗ ನಿಂತು ಸುಳ್ಳ ಸುಳ್ಳ ಕೆಮ್ತಿದ್ದೆ ತಂಗಿ, ಘಾಟು ಬಂದದ ಅಂತ ಅವರಿಗಿ ತಿಳೀಲಿ ಅಂತ — ವೃಂದಾ ಅತ್ತಿದ್ದಳು, ನಿಜವಾಗಿ, ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು, ಇನ್ನ ಮ್ಯಾಲ ನೀವು ಕೆಮ್ಮಬ್ಯಾಡ್ರಿ ಅವ್ವ, ಊರೇ ಕೆಮ್ಮಂಗ ಬರೀತೀನಿ — ಬರೆದಿದ್ದಾಳೆ, ಈಗ ಅದನ್ನೇ ಓದುತ್ತಿದ್ದಾಳೆ, ಮಾಟಗಾತಿ ಕೆಂಡ ಊದುತ್ತಾಳೆ, ಪಂಚರೆಲ್ಲ ಕೆಮ್ಮುತ್ತ ಮೊಣಕಾಲೂರುತ್ತಾರೆ, ಮನೆಮನೆಯ ಹೆಂಗಸರು ಅಗುಳಿ ಸರಿಸಿ ಬೀದಿಗಿಳಿಯುತ್ತಾರೆ, ಚಪ್ಪಾಳೆ, ಮಹಾಮಾಯಾಳ ಕೈಗಳೂ ತಟ್ಟುತ್ತಿವೆ, ಥೂ, ಯಾಕೆ ತಟ್ಟುತ್ತಿವೆ — ಹೋದ ವಾರ ಭಾಲ್ಕಿಯಲ್ಲಿ ವೃಂದಾಳ ಮಗಳ ತೊಟ್ಟಿಲ ಕಾರ್ಯ, ಅವ್ವ ತಾನೇ ಹೊಲಿದ ಕುಂಚಿಗೆ ಹಿಡಿದು ಕೂಸಿಗೆ ತೊಡಿಸಲು ಬಾಗಿದಳು, ವೃಂದಾಳ ಅತ್ತೆ ಕುಮುದಿನಿ ಏನೂ ಅನ್ನಲಿಲ್ಲ, ಅವರಾದರೂ ಅಂದಿದ್ದರೆ ಬೈದು ಹಗುರಾಗಬಹುದಿತ್ತು, ಹಸಿರು ಸೆರಗನ್ನು ಕೂಸಿನ ಮುಖದ ಮೇಲೆ ಎಳೆದವಳು ವೃಂದಾ, ಈಗ ಮಲ್ಕೊಂಡದರಿ ಅವ್ವ, ತೆಳು ಸೆರಗಿನಡಿ ಕೂಸು ಪಿಳಿಪಿಳಿ ಕಣ್ಣು ಬಿಡುತ್ತಿತ್ತು, ಅವ್ವ ಕುಂಚಿಗೆಯನ್ನು ತೊಟ್ಟಿಲ ಅಂಚಿಗಿಟ್ಟು ಕೈ ಒರೆಸಿಕೊಂಡಳು, ಏನೋ ಅಂಟಿದಂತೆ, ಅಂಗಳದಲ್ಲಿ ಚಪ್ಪಲಿ ಹುಡುಕುವಾಗ ಒಳಗಿಂದ ವೃಂದಾಳದೇ ದನಿ, ಅತ್ತಿ, ಮೆಣಸಿನಕಾಯಿ ತರ್ರಿ, ಲಗೂ, ಆಮೇಲೆ ಚಟಪಟ, ಮಹಾಮಾಯಾ ಮೂಗರಳಿಸಿ ಕಾದಳು, ಘಾಟು ಬರಲಿಲ್ಲ — ವಾಪಸಿನ ಬಸ್ಸಿನಲ್ಲಿ ಅವ್ವ ಅಂದದ್ದು ಇಷ್ಟೇ, ಕೂಸಿನ ಮೂಗು ಮೊಂಡದ ನೋಡು, ಅವರಪ್ಪಂದು — ಈಗ ವೃಂದಾ ಮೈಕಿನಲ್ಲಿ ಕರೆಯುತ್ತಿದ್ದಾಳೆ, ಬಾ ಮಾಯಾ, ಇದು ನಿಮ್ಮವ್ವಂದೇ ಕಥಿ, ಎರಡು ಮಾತಾಡು ಬಾ, ಮೆಟ್ಟಿಲು, ಬೆಳಕು, ಎಲ್ಲರೂ ಇತ್ತ ನೋಡುತ್ತಿದ್ದಾರೆ, ವೃಂದಾ ಹೆಗಲ ಮೇಲೆ ಕೈಯಿಟ್ಟಿದ್ದಾಳೆ, ಬೆಚ್ಚಗಿದೆ ಕೈ, ಹೇಳಿಬಿಡಬೇಕು, ಸೆರಗು ಎಂಬಲ್ಲಿಂದ ಶುರುಮಾಡಿದರೆ ಸಾಕು, ಬಾಯಿ ತೆರೆದಳು, ಆ ಅಂಗಳ, ಹೊಗೆಯಿಲ್ಲ, ಘಾಟಿಲ್ಲ, ಅವ್ವ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಗೋಡೆ ಹಿಡಿದು ನಿಂತಿದ್ದಾಳೆ, ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ, ಒಳಗಿನವರಿಗೆ ಕೇಳಿಸುವಷ್ಟು ಜೋರಾಗಿ ಕೆಮ್ಮುತ್ತಿದ್ದಾಳೆ, ಕೆಮ್ಮುತ್ತಿದ್ದಾಳೆ