ಮೂವತ್ತು ಸೆಕೆಂಡಿನ ಸಂದೇಶ

ಪಶು ಇಲಾಖೆಯಿಂದ ದನ ಸಾಕುವವರ ಫೋನಿಗೆ ಬರುವ ಧ್ವನಿಸಂದೇಶದಲ್ಲಿ ಮಾತಾಡುವವಳು ನಾನೇ. ಹನ್ನೊಂದು ವರ್ಷದಿಂದ ಕಾಲುಬಾಯಿ ಜ್ವರದ ಲಸಿಕೆಗೂ ನಾನೇ, ಜಂತುಹುಳದ ಮಾತ್ರೆಗೂ ನಾನೇ. "ಮನೇಲಿ ನಿನ್ನ ಉಪದೇಶ ಸಾಲ್ದು ಅಂತ ಫೋನಲ್ಲೂ ಶುರು ಹಚ್ಕೊಂಡೆಯಾ?" ಎಂದು ಅಕ್ಕ ಛೇಡಿಸುತ್ತಿದ್ದಳು. ಆದರೂ ಸಂದೇಶ ಬಂದ ಕೂಡಲೇ ಸ್ಪೀಕರ್ ಹಾಕಿ ಭಾವನಿಗೂ ಕೇಳಿಸುತ್ತಿದ್ದಳು. ತಂಗಿ ಹೇಳಿದ್ದೆಂದರೆ ಅವಳಿಗೆ ಅದೇ ಕಡೆಯ ಮಾತು.

ಸಂದೇಶ ಮೂವತ್ತು ಸೆಕೆಂಡು ದಾಟುವಂತಿಲ್ಲ. ದಾಟಿದ್ದನ್ನು ಯಂತ್ರವೇ ಕತ್ತರಿಸಿ ಬಿಸಾಡುತ್ತದೆ. ಆ ಸೋಮವಾರ ಹೊಳೆಯಾಚೆ ಎರಡು ಹಸು ಆಂಥ್ರಾಕ್ಸ್‌ನಿಂದ ಸತ್ತವೆಂದು ವರದಿ ಬಂತು. ಸತ್ತ ದನದ ರಕ್ತ ತಾಗಿದರೆ ಮನುಷ್ಯರಿಗೂ ಅಂಟುವ ರೋಗ ಅದು. ನಾನು ಬರೆದ ಮೊದಲ ಸಾಲೇ, "ಹಠಾತ್ತನೆ ಸತ್ತ ದನವನ್ನು ಮುಟ್ಟಬೇಡಿ, ಕೊಯ್ಯಬೇಡಿ" ಎಂದಿತ್ತು.

ಸಾಹೇಬರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮಾ ಇದು, ಶುರುವಿನಲ್ಲೇ ಸಾವು? ಜನ ಹೆದರಿಕೊಂಡು ಹಾಲು ಚೆಲ್ತಾರೆ. ಮೊದಲು ಇಲಾಖೆ ಹೆಸರು, ನನ್ನ ಹೆಸರು, ಹುದ್ದೆ. ಆಮೇಲೆ ಗಾಬರಿ ಬೇಡ ಅನ್ನು. ಲಸಿಕೆ ಹಾಕೋ ತಾರೀಖು ಹೇಳು. ಇದನ್ನ ಕೊನೇಲಿ ಸೇರಿಸಿದ್ರಾಯ್ತು."

ಅವರ ಹೆಸರು, ಹುದ್ದೆಗೇ ಒಂಬತ್ತು ಸೆಕೆಂಡು ಹೋಯಿತು. ಗಡಿಯಾರ ಇಟ್ಟುಕೊಂಡು ಮೂರು ಸಲ ಓದಿದೆ. ಮೂರು ಸಲವೂ ಕೊನೆಯ ಸಾಲು ಹೊರಗುಳಿಯಿತು.

"ಸಾರ್, ಸಾಲ್ತಿಲ್ಲ."

"ನಾಳೆ ಇನ್ನೊಂದು ಕಳಿಸೋಣ, ಬಿಡು."

ಬಿಟ್ಟೆ. ಆ ಸಾಲಿಲ್ಲದೆಯೇ ಸಂದೇಶ ಹೋಯಿತು. ಮರುದಿನ ಅವರು ಮೂರು ದಿನದ ಮೀಟಿಂಗಿಗೆ ಹೋದರು. ಅವರ ಸಹಿ ಇಲ್ಲದೆ ಒಂದಕ್ಷರವೂ ಹೊರಗೆ ಹೋಗುವುದಿಲ್ಲ. ಅಕ್ಕನಿಗಾದರೂ ನಾನೇ ಫೋನು ಮಾಡಬಹುದಿತ್ತು. ಹೇಗೂ ಇನ್ನೊಂದು ಸಂದೇಶ ಹೋಗುತ್ತದಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಗುರುವಾರ ಅಕ್ಕನೇ ಫೋನು ಮಾಡಿದಳು. "ಕೆಂಪಿ ಹೋಗ್ಬಿಟ್ಳು ಕಣೇ. ಬೆಳಿಗ್ಗೆ ಮೇವು ತಿಂದಿದ್ಲು, ಮಧ್ಯಾಹ್ನಕ್ಕೆ ಇಲ್ಲ. ಮೂಗಲ್ಲೆಲ್ಲ ರಕ್ತ."

"ಭಾವ ಎಲ್ಲಿ?"

"ಹಿತ್ತಲಲ್ಲಿ. ಸುಮ್ನೆ ಹಾಳಾಗೋದ್ಯಾಕೆ ಅಂತ ಚರ್ಮ ಸುಲಿದ್ರು."

"ಅಯ್ಯೋ, ಮುಟ್ಬೇಡಿ ಅನ್ನೇ!"

"ಎಲ್ಲಾ ಮುಗೀತಲ್ಲೇ. ಯಾಕೆ ಹಿಂಗೆ ಕಿರುಚ್ತೀಯಾ? ಗಾಬರಿ ಬೇಡ ಅಂತ ನೀನೇ ಹೇಳಿದ್ಯಲ್ಲ."

ಈಗಲೇ ಆಸ್ಪತ್ರೆಗೆ ಹೊರಡಿ ಎಂದು ಅಂಗಲಾಚಿದೆ. ಆಚೆಯಿಂದ ಭಾವ ನಕ್ಕಿದ್ದು ಕೇಳಿಸಿತು. "ದನದಾಸ್ಪತ್ರೆಯವಳು ನನಗೂ ಸೂಜಿ ಚುಚ್ಚಿಸ್ತಾಳಂತೆ! ಸೋಪು ಹಾಕಿ ತೊಳ್ಕೊಂಡಿದೀನಿ ಹೋಗೇ."

ಮೂರನೆಯ ದಿನ ಅವರ ಕುತ್ತಿಗೆಯ ಮೇಲೆ ಕಪ್ಪು ಬೊಕ್ಕೆ ಎದ್ದಿತ್ತು. ನೋವಿರಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ಗಂಟಲು ಊದಿಕೊಂಡು ನೀರೂ ಇಳಿಯದಾದಾಗ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನನ್ನ ಮುಖ ನೋಡಿ, "ಇಲಾಖೆಯಿಂದ ಯಾರೂ ಎಚ್ಚರಿಸಿರಲಿಲ್ವಾ?" ಎಂದರು. ಎರಡು ದಿನ ಸೆಣಸಿ ಭಾವ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಫೋನಿನ ಸ್ಪೀಕರ್ ಹಾಕಿದಳು. ನನ್ನ ಸ್ವರ ಸಾಹೇಬರ ಹೆಸರು ಹೇಳಿತು, ಹುದ್ದೆ ಹೇಳಿತು, ಗಾಬರಿ ಬೇಡ ಎಂದಿತು. ಮುಗಿದ ಮೇಲೆ ಅವಳು ಮತ್ತೆ ಹಾಕಿದಳು. ಅಳುತ್ತಿರಲಿಲ್ಲ. ಒಂದೊಂದು ಮಾತನ್ನೂ ಹುಡುಕುತ್ತಿದ್ದಳು.

"ಮುಟ್ಬೇಡಿ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತೇ?"

ನಾಲ್ಕು ಸೆಕೆಂಡು. ಅಳೆದು ನೋಡಿದ್ದೆ.