ಮುಡುಪಿನ ಕಾಲು

ನಾನು ಒಂದು ಬೆಳ್ಳಿಯ ಕಾಲು. ನಿಮ್ಮ ಕಿರುಬೆರಳಿನಷ್ಟು ಉದ್ದ, ವೀಳ್ಯದೆಲೆಯಷ್ಟು ತೆಳು. ತೊಡೆ, ಮೊಣಕಾಲು, ಪಾದ, ಐದು ಬೆರಳು ಎಲ್ಲವೂ ನನಗಿವೆ, ನಡಿಗೆಯೊಂದಿಲ್ಲ. ನಡಿಗೆ ಎಂದರೇನೆಂದು ತಿಳಿಯುವ ಆಸೆ ಮಾತ್ರ ಹುಟ್ಟಿನಿಂದಲೂ ಇದೆ. ಕಾಲಾಗುವ ಮೊದಲು ನಾನು ಗಂಗವ್ವನ ಕಾಲ್ಕಡಗದ ತುಂಡಾಗಿದ್ದೆ; ಅದರ ನೆನಪೇ ಇರಬೇಕು.

ಗಂಗವ್ವನ ಸೊಸೆ ನೀಲವ್ವ ನೆಂಟರ ಮದುವೆಗೆಂದು ಟಂಟಂ ಗಾಡಿಯಲ್ಲಿ ಹೊರಟಿದ್ದಳು. ಹಳ್ಳದ ತಿರುವಿನಲ್ಲಿ ಲಾರಿಯೊಂದು ಗುದ್ದಿತು. ಯಾರೂ ಸಾಯಲಿಲ್ಲ. ದೇವರು ದೊಡ್ಡವನು ಎಂದು ಊರು ಕೈಮುಗಿಯಿತು, ವರ್ಷದೊಳಗೆ ಮರೆತೂಬಿಟ್ಟಿತು. ನೀಲವ್ವನ ಬಲತೊಡೆ ಮುರಿದಿತ್ತು, ಮೊಣಕಾಲು ಜಜ್ಜಿಹೋಗಿತ್ತು. ಗಂಗವ್ವ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಗುಡ್ಡದ ವೀರಭದ್ರನಿಗೆ ಹರಕೆ ಹೊತ್ತಳು. ಮರುದಿನ ಕಡಗ ಬಿಚ್ಚಿ ಬೆಳ್ಳಿಕೆಲಸದ ಪತ್ತಾರ ಮೌನೇಶಪ್ಪನ ಮುಂದಿಟ್ಟಳು.

"ಎಡಗಾಲೋ ಬಲಗಾಲೋ, ಗಂಗವ್ವಾ?"

"ಬಲಗಾಲಪ್ಪಾ. ನೆಟ್ಟಗ ಮಾಡು. ದೇವರಿಗೆ ತಪ್ಪು ಕಾಲು ಮುಟ್ಟಬಾರದು."

ಹೀಗೆ ಬೆಂಕಿಯಲ್ಲಿ ಕರಗಿ, ಸುತ್ತಿಗೆಯ ಕೆಳಗೆ ತಗಡಾಗಿ, ಅಚ್ಚಿನ ಮೇಲೆ ಕಾಲಾದೆ. ಅರಿಸಿನದ ಬಟ್ಟೆಯಲ್ಲಿ ಮುಡುಪಾಗಿ ದೇವರ ಗೂಡು ಸೇರಿದೆ. ಸೊಸೆಯ ಕಾಲು ಸರಿಹೋದ ದಿನ ನನ್ನನ್ನು ಗುಡ್ಡಕ್ಕೆ ಒಯ್ಯಬೇಕೆಂಬುದು ಗಂಗವ್ವನ ನೇಮ.

ಬಟ್ಟೆ ತೆಳುವಾಗಿತ್ತು, ನನಗೆ ಎಲ್ಲವೂ ಕಾಣುತ್ತಿತ್ತು. ಪಟ್ಟಿ ಬಿಚ್ಚಿದರು, ಗಾಯ ಮಾಯಿತು, ನೀಲವ್ವ ಎದ್ದು ಓಡಾಡಿದಳು. ಆದರೂ ಕಾಲು ಏನನ್ನೋ ಮರೆಯಲಿಲ್ಲ. ಮೋಡ ಕವಿಯುವ ಮೊದಲೇ ಅದಕ್ಕೆ ಸುದ್ದಿ ತಿಳಿಯುತ್ತಿತ್ತು. ನೀಲವ್ವ ತೊಡೆ ನೀವಿಕೊಳ್ಳುತ್ತಿದ್ದಳು. ಮನೆಯವರೆಲ್ಲ ನೆಲದ ಮೇಲೆ ಉಣ್ಣಲು ಕುಳಿತರೆ ಅವಳಿಗೊಂದು ಸ್ಟೂಲು. ಪಕ್ಕದ ಮನೆಯ ಶಂಕ್ರವ್ವ ಒಮ್ಮೆ, ಅತ್ತೆಯಿಂದ ಬಡಿಸಿಕೊಳ್ಳುವ ಮಹಾರಾಣಿ ಎಂದು ಚುಚ್ಚಿದಳು. ನೀಲವ್ವ ರೊಟ್ಟಿ ಮುರಿಯುತ್ತ ಹೇಳಿದಳು: "ನಿಮಗೂ ಬೇಕಂದ್ರ ಹೇಳ್ರಿ ಅಕ್ಕಾ, ಲಾರಿಯವಂಗ ಹೇಳಿ ಕಳಸ್ತೀನಿ."

ಬೀದಿಯಲ್ಲಿ ಲಾರಿ ಹಾರ್ನು ಹಾಕಿದರೆ ಮಾತ್ರ ಅದೇ ನೀಲವ್ವನ ಕೈಯಲ್ಲಿ ಸೌಟು ನಿಂತುಬಿಡುತ್ತಿತ್ತು. ಹಾರ್ನು ಬೀದಿಯಲ್ಲಿ, ಬೆವರು ಇವಳ ಹಣೆಯಲ್ಲಿ. ಮುರಿದದ್ದು ತೊಡೆ, ಹೆದರುವುದು ಕಿವಿ. ಇದೇನು ಸಂಬಂಧವೋ ನನ್ನ ಬೆಳ್ಳಿಬುದ್ಧಿಗೆ ಹೊಳೆಯಲಿಲ್ಲ. ತವರಿನಲ್ಲಿ ತಂಗಿಯ ಸೀಮಂತವಾದಾಗಲೂ ಅವಳು ಗಾಡಿ ಹತ್ತಲಿಲ್ಲ.

ಸೋಮವಾರ ಬಂದರೆ ಗಂಗವ್ವ ನನ್ನನ್ನು ತೊಳೆದು ವಿಭೂತಿ ಹಚ್ಚಿ, ಸೊಸೆಯನ್ನು ಪಡಸಾಲೆಯಲ್ಲಿ ನಡೆಸಿ ನೋಡುತ್ತಿದ್ದಳು. ಕುಂಟು ಕಂಡರೆ ನಿಟ್ಟುಸಿರು ಬಿಟ್ಟು ನನ್ನನ್ನು ಮತ್ತೆ ಕಟ್ಟಿಡುತ್ತಿದ್ದಳು. ವರ್ಷಗಳು ಉರುಳಿದವು. ಮುದುಕಿಗೆ ಉಬ್ಬಸ ಹತ್ತಿತು. ಹರಕೆ ತೀರಿಸದೆ ಸತ್ತರೆ ಶಿವನಿಗೆ ಯಾವ ಮುಖ ತೋರಿಸಲಿ ಎಂದು ಅವಳು ಗೂಡಿನ ಮುಂದೆ ಅಳುವುದನ್ನು ನಾನು ಕೇಳಿದೆ. ಬಾಗಿಲ ಮರೆಯಲ್ಲಿ ನೀಲವ್ವನೂ ಕೇಳಿದಳು.

ಮುಂದಿನ ಸೋಮವಾರ ನೀಲವ್ವ ನೆಟ್ಟಗೆ ನಡೆದಳು. ಆ ಗೋಡೆಯಿಂದ ಈ ಗೋಡೆಗೆ, ಒಂದಿಷ್ಟೂ ವಾಲದೆ. ಈಗ ಗುಡ್ಡಕ್ಕೆ ಹೋಗುತ್ತೇನೆಂದು ನಾನು ಹಿಗ್ಗಿದೆ. ಗಂಗವ್ವ ಕಾಲನ್ನು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು.

"ಹಲ್ಲು ಯಾಕ ಕಡೀಲಿಕ್ಕತ್ತೀ? ದೇವರಿಗೆ ಸುಳ್ಳು ಒಪ್ಪಿಸೂದು ಬ್ಯಾಡ, ಕೂಡು."

ನೀಲವ್ವ ಸ್ಟೂಲಿನ ಮೇಲೆ ಕುಸಿದಳು. ತೊಡೆ ನೀವಿಕೊಳ್ಳುತ್ತ ಕೇಳಿದಳು: "ಅತ್ತೀ, ಅವತ್ತ ಆಸ್ಪತ್ರ್ಯಾಗ ಏನಂತ ಬೇಡಿಕೊಂಡ್ರಿ?"

"ನನ್ನ ಸೊಸಿ ನಡಕೋತ ಮನೀಗೆ ಬರಲಿ ಅಂದೆ."

"ಮೊದಲಿನಂಗ ಅಂದಿದ್ರೇನು?"

ಗಂಗವ್ವ ಕೈಯಲ್ಲಿದ್ದ ನನ್ನನ್ನು ತಿರುಗಿಸಿ ನೋಡಿದಳು. ಮೊದಲಿನಂತೆ ಎಂಬ ಮಾತು ಬೇಡಿಕೆಯಲ್ಲಿ ಇರಲೇ ಇಲ್ಲ. ಆಸೆ ಅದನ್ನು ಆಮೇಲೆ ಸೇರಿಸಿತ್ತು. ಕೋಲೂರಿಕೊಂಡು ನೀಲವ್ವ ಹೊಸ್ತಿಲು ದಾಟಿದ ದಿನವೇ ದೇವರು ಬೇಡಿದ್ದನ್ನು ನಡೆಸಿಕೊಟ್ಟಿದ್ದ.

"ಮೊದಲಿನ ಕಾಲು ಬರಂಗಿಲ್ರೀ ಅತ್ತೀ," ಎಂದಳು ನೀಲವ್ವ. "ನನಗ ಗೊತ್ತೈತಿ. ಇದರಾಗ ಬದುಕೀನಲ್ಲ."

ಹರಕೆ ಒಪ್ಪಿಸಲು ಇಬ್ಬರೂ ಹೊರಟರು; ಗುಡ್ಡಕ್ಕೆ ಬಸ್ಸಿನಲ್ಲಿ ಹೋಗಬೇಕು. ನೀಲವ್ವ ಒಂದು ಕೈಯಲ್ಲಿ ಸೀಟಿನ ಕಂಬಿ, ಇನ್ನೊಂದರಲ್ಲಿ ನನ್ನ ಗಂಟು ಹಿಡಿದಳು. ಹಳ್ಳದ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅವಳು ನನ್ನ ಗಂಟನ್ನು ಮುಷ್ಟಿಯಲ್ಲಿ ಬಿಗಿದಳು. ಅತ್ತೆ ಸೊಸೆಯ ಮೊಣಕಾಲ ಮೇಲೆ ಕೈಯಿಟ್ಟು ಶಿವಶಿವಾ ಎನ್ನುತ್ತಿದ್ದಳು. ಲಾರಿ ಹೋಯಿತು, ಮುಷ್ಟಿ ಮಾತ್ರ ಗುಡ್ಡದವರೆಗೆ ಸಡಿಲಲಿಲ್ಲ.

ಗುಡಿಯಲ್ಲಿ ಗಂಗವ್ವ ನನ್ನನ್ನು ಬಿಚ್ಚಿ, ಸೊಸೆಯ ಕಾಲನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ನನ್ನ ಮೊಣಕಾಲನ್ನು ಮೆಲ್ಲಗೆ ಒತ್ತಿದಳು. ನಾನು ಬಾಗಿದೆ. ಕಾಲು ಸೊಟ್ಟಾಯಿತಲ್ಲ ಎಂದು ಪೂಜಾರಿ ಆಕ್ಷೇಪಿಸಿದ.

"ಈಗ ಸರಿ ಆತು, ಅಯ್ಯಾ," ಎಂದಳು ಗಂಗವ್ವ. "ಇದು ನಮ್ಮ ನೀಲವ್ವನ ಕಾಲು."

ಈಗ ನಾನು ಗುಡಿಯ ಮೂಲೆಯ ಮರದ ಪೆಟ್ಟಿಗೆಯಲ್ಲಿದ್ದೇನೆ, ಬೆಳ್ಳಿಯ ಕಣ್ಣು, ಕೈ, ತೊಟ್ಟಿಲುಗಳ ನಡುವೆ. ಹೊಳಪು ಹೋಗಿ ಕಪ್ಪಾಗಿದ್ದೇನೆ. ನೆಟ್ಟಗಿನ ಕಾಲುಗಳು ಬಹಳ ಇವೆ, ಬಾಗಿದ್ದು ನಾನೊಂದೇ. ಗಂಗವ್ವ ಮತ್ತೆ ಬರಲಿಲ್ಲ; ಶಿವನ ಬಳಿಗೆ ಹೋದಳೆಂದು ಪೂಜಾರಿಯ ಮಾತಿನಿಂದ ತಿಳಿಯಿತು. ವರ್ಷಕ್ಕೊಮ್ಮೆ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಭಾರ, ಒಂದು ಹಗುರ ಕೇಳಿಸುತ್ತದೆ. ನಡುವೆ ನಿಲ್ಲುತ್ತದೆ, ಸುಧಾರಿಸಿಕೊಂಡು ಮತ್ತೆ ಏರುತ್ತದೆ. ನಡಿಗೆ ಎಂದರೇನೆಂದು ಈಗ ನಾನು ಯಾರನ್ನೂ ಕೇಳುವುದಿಲ್ಲ.